ತಿರುವಲ್ಲದ ಸೊನ್ನೆ

ಸೆಪ್ಟೆಂಬರ್ 17, 1996. ಮಂಗಳವಾರ

ಇಂದೂ ಹಸಿರು ಬಸ್ಸಿನ ಮೆಟ್ಟಿಲ ಮೇಲೆ ನಿಂತೇ ಗುಡ್ಡ ಹತ್ತಿದ್ದಾಯಿತು. ಏಳೂವರೆಯ ಕಲನ ತರಗತಿಗೆ ಏಳಕ್ಕೇ ಹಾಜರು. ಮೊದಲ ಬೆಂಚು, ಕಿಟಕಿಯಿಂದ ಎರಡನೆಯ ಜಾಗ. ಮೊದಲ ವಾರದಿಂದ ಅದು ನನ್ನದು. ಯಾರೂ ಬರೆದುಕೊಟ್ಟಿಲ್ಲ, ಯಾರೂ ಅಲ್ಲಿ ಕೂರುವುದೂ ಇಲ್ಲ.

ಪಾಠ ಮಾಡುವ ಬು ಜುಲ್‌ಹೆಲ್ಮಾ (ಮೇಡಂಗೆ ನಮ್ಮಲ್ಲಿ ಬು, ಕರೆಯುವಾಗ ಬುಕ್) ಬಂದವರೇ, ಹಾಜರಿ ಕೂಡ ಕರೆಯದೆ ಕೇಳಿದರು.

"ಪಾದಾಂಗಿನಿಂದ ಬುಕಿತ್ತಿಂಗಿಗೆ ತೊಂಬತ್ತು ಕಿಲೋಮೀಟರು. ಎರಡು ಗಂಟೇಲಿ ಹೋದೆ. ದಾರೀಲಿ ಜಲಪಾತದ ಮುಂದೆ ಹಾದುಹೋದ ಆ ಕ್ಷಣ, ನನ್ನ ಬಸ್ಸಿನ ವೇಗ ಎಷ್ಟು?"

ಹಿಂದಿನಿಂದ ಯಾರೋ: "ನಲವತ್ತೈದು, ಬುಕ್."

"ಅದು ಸರಾಸರಿ. ನಾನು ಕೇಳಿದ್ದು ಆ ಕ್ಷಣದ್ದು."

ಕ್ಷಣಕ್ಕೆ ಅಗಲವಿಲ್ಲ. ಅದರೊಳಗೆ ಸಾಗಿದ ದೂರ ಸೊನ್ನೆ, ಕಳೆದ ಕಾಲ ಸೊನ್ನೆ. ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಲಾಗದು. ಹಾಗಾದರೆ ಆ ಕ್ಷಣದಲ್ಲಿ ಬಸ್ಸಿಗೆ ವೇಗವೇ ಇರಲಿಲ್ಲವೆ? ಬು ಹಲಗೆಯ ಮೇಲೆ ಒಂದು ನಿಮಿಷ ತೆಗೆದುಕೊಂಡರು, ಆಮೇಲೆ ಒಂದು ಸೆಕೆಂಡು, ಅದರ ಹತ್ತನೇ ಒಂದು, ನೂರನೇ ಒಂದು... ಉತ್ತರ ಮೊದಲು ಅತ್ತಿತ್ತ ಓಲಾಡಿತು. ಬರಬರುತ್ತ ಒಂದು ಸಂಖ್ಯೆಯ ಕಡೆಗೆ ನಿಧಾನವಾಗಿ ಬಂದು, ಅದರ ಹೊಸ್ತಿಲಲ್ಲಿ ನಿಂತಿತು. ಒಳಗೆ ಕಾಲಿಡಲಿಲ್ಲ.

"ತಲುಪೋದೇ ಇಲ್ಲ," ಎಂದರು ಬು. "ತಲುಪೋ ಅಗತ್ಯವೂ ಇಲ್ಲ. ಎಲ್ಲಿಗೆ ಹೊರಟಿದೆ ಅಂತ ತಿಳಿದ್ರೆ ಸಾಕು."

ಶಾಲೆಯಲ್ಲಿ ಈ ಲೆಕ್ಕಕ್ಕೆ ಹತ್ತಕ್ಕೆ ಹತ್ತು ತೆಗೆದವಳು ನಾನು, ಒಮ್ಮೆಯಲ್ಲ, ಪ್ರತಿ ಸಲವೂ. ಆದರೆ ಏನು ಮಾಡುತ್ತಿದ್ದೇನೆಂಬುದು ಇಂದಿನವರೆಗೆ ಗೊತ್ತಿರಲಿಲ್ಲ. ಈ ವಾಕ್ಯವನ್ನು ಯಾರಿಗೂ ತೋರಿಸುವಂತಿಲ್ಲ.

ಕೊನೆಯ ಬೆಂಚಿನಿಂದ ಮಾರ್ಟಾ ಸಮಾಲೋಯ್ಸಾ ಕೈ ಎತ್ತಿದಳು. ಮೆಂತಾವೈ ದ್ವೀಪದವಳು, ಒಂದು ರಾತ್ರಿ ಹಡಗಿನಲ್ಲಿ ಕಳೆದು ಬರಬೇಕಾದಷ್ಟು ದೂರ. ಮಾತು ನಿಧಾನ. "ಆ ಕ್ಷಣದಲ್ಲಿ ಬಸ್ಸು ನಿಂತಿರುತ್ತಾ, ಬುಕ್, ಓಡ್ತಿರುತ್ತಾ?"

ಎಲ್ಲರೂ ನಕ್ಕರು. ನಾನೂ. ಬು ನಗಲಿಲ್ಲ. "ಒಳ್ಳೇ ಪ್ರಶ್ನೆ," ಎಂದರು.

ನನಗೆ ಯಾವಾಗಲೂ "ಒಳ್ಳೇ ಉತ್ತರ" ಎನ್ನುತ್ತಾರೆ. ಪ್ರಶ್ನೆ ಎಂದು ಒಮ್ಮೆಯೂ ಹೇಳಿಲ್ಲ.

ಸೆಪ್ಟೆಂಬರ್ 26, ಗುರುವಾರ

ತುರುನಾನ್ ಶುರುವಾಯಿತು.

ಎಂಥ ಪದ. ಬೆಟ್ಟದ ರಸ್ತೆಯ ಹಳದಿ ಫಲಕದ ಮೇಲೂ ಇದೇ ಇದೆ — ಎಚ್ಚರಿಕೆ, ಇಳಿಜಾರು. ಮದುವೆಯ ಮಾತುಕತೆಗೆ ಕೂತ ಹಿರಿಯರ ಬಾಯಲ್ಲೂ ಇದೇ — ಹುಡುಗಿ ಯಾರ ಸಂತತಿ? ಈಗ ಹಲಗೆಯ ಮೇಲೂ ಇದೇ, ಇಂಗ್ಲಿಷಿನವರ ಡೆರಿವೇಟಿವ್: ಒಂದು ರೇಖೆಯಿಂದ ಇಳಿದು ಬಂದ ಇನ್ನೊಂದು ರೇಖೆ. ಮೊದಲನೆಯದು ಯಾವ ಯಾವ ಬಿಂದುವಿನಲ್ಲಿ ಎಷ್ಟು ಕಡಿದಾಗಿದೆ ಎಂಬುದನ್ನು ಎರಡನೆಯದು ಹೇಳುತ್ತದೆ. ತಾಯಿಯ ಸ್ವಭಾವವನ್ನು ಮಗಳು ಹೇಳಿದಂತೆ.

x ವರ್ಗದ ಮಗಳು 2x. ಅವಳ ಮಗಳು ಬರಿಯ 2. ಅವಳ ಮಗಳು ಸೊನ್ನೆ. ಮೂರು ತಲೆಮಾರಿಗೆ ವಂಶ ಮುಗಿಯಿತು.

ಆಮೇಲೆ ಬು, ಇದು ಮುಂದೆ ಬರುವ ಪಾಠ, ಆದರೂ ತಡೆಯಲಾಗುತ್ತಿಲ್ಲ ಎನ್ನುತ್ತ, e ಎಂಬ ಸಂಖ್ಯೆಯ x ಘಾತವನ್ನು ಬರೆದರು. ಅದರ ಮಗಳು — ಅದೇ. ಮೊಮ್ಮಗಳು ಅದೇ. ಎಷ್ಟು ಇಳಿದರೂ ಅದೇ ಮುಖ. ಕುಲ, ಮನೆ, ಗದ್ದೆ, ಎಲ್ಲವೂ ತಾಯಿಯಿಂದ ಮಗಳಿಗೇ ಬರುವ ನಮ್ಮಲ್ಲಿ ಕೂಡ ಮಗಳು ತಾಯಿಯೇ ಆಗಿಬಿಡುವುದಿಲ್ಲ. ಪೆನ್ನು ಕೆಳಗಿಟ್ಟು ಸುಮ್ಮನೆ ನೋಡಿದೆ. ಟಿಪ್ಪಣಿ ಬರೆಯದೆ ಕೂತದ್ದು ಜೀವಮಾನದಲ್ಲಿ ಇದೇ ಮೊದಲು.

ಸಂಜೆ ಕೋಣೆಯಲ್ಲಿ ನೆಲ್ಮಾಗೆ ಹೇಳಿದೆ. ಅವಳು ಸಾಹಿತ್ಯದ ವಿದ್ಯಾರ್ಥಿನಿ, ಕೂದಲಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದಳು.

"ತಾಯಿ, ಮಗಳು, ಮೊಮ್ಮಗಳು ಎಲ್ಲ ಒಂದೇ ಥರ ಅಂತೀಯ? ನಮ್ಮ ಮನೇಲಿ ಬಂದು ನೋಡೇ. ಮೂರು ಜನಾನೂ ಬೆಳಿಗ್ಗೆ ಎದ್ದು ಒಂದೇ ಬೈಗುಳ ಬೈತಾರೆ."

"ನಿನಗೆ ಹೇಳಿದ್ದು ನನ್ನ ತಪ್ಪು."

"ತಪ್ಪು ಅಂದ್ಯಾ? ತಾರೀಖು ಬರೆದಿಟ್ಕೋತೀನಿ ತಾಳು."

ಅಕ್ಟೋಬರ್ 10, ಗುರುವಾರ

ಎರಡನೆಯ ತುರುನಾನ್ — ಮೊಮ್ಮಗಳು. ರೇಖೆ ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದನ್ನು ಅವಳು ಹೇಳುವುದಿಲ್ಲ. ಯಾವ ಕಡೆ ಬಾಗುತ್ತಿದೆ ಎಂಬುದನ್ನು ಹೇಳುತ್ತಾಳೆ. ಧನವಾದರೆ ಬಟ್ಟಲಿನಂತೆ, ಋಣವಾದರೆ ಮಗುಚಿದ ಬಟ್ಟಲಿನಂತೆ. ಅಷ್ಟು ಸಣ್ಣ ಚಿಹ್ನೆಯೊಳಗೆ ಬೆಟ್ಟದ ಇಡೀ ಆಕಾರ.

ನೋಡಿದ್ದೆಲ್ಲ ಈಗ ರೇಖೆಯೇ. ಕ್ಯಾಂಟೀನಿನ ಹೆಂಗಸು ಸೋಸಿದ ಚಹಾ ಸುರಿಯುವ ಧಾರೆ. ಬೆಳಿಗ್ಗೆ ಸಮುದ್ರದ ಅಂಚು. ಮಸೀದಿಯ ಚಾವಣಿಯ ಕೊಂಬಿನಂತೆ ಬಾಗಿದ ಎರಡು ತುದಿ. ಹುಚ್ಚು ಹಿಡಿಯುವುದು ಹೀಗೆಯೇ ಇರಬೇಕು.

ಅಕ್ಟೋಬರ್ 22, ಮಂಗಳವಾರ

ಮಧ್ಯಾವಧಿ ಪರೀಕ್ಷೆ. ಐದಕ್ಕೆ ಐದೂ ಬರೆದೆ. ಇಪ್ಪತ್ತು ನಿಮಿಷ ಮಿಕ್ಕಿತು. ಬೇರೆ ಬರೆಯುವುದೇನೂ ಇಲ್ಲ.

ಅಕ್ಟೋಬರ್ 31, ಗುರುವಾರ

97. ಎರಡನೆಯವನು 78.

ಪಟ್ಟಿಯನ್ನು ಇಲಾಖೆಯ ಗಾಜಿನ ಪೆಟ್ಟಿಗೆಯಲ್ಲಿ ಅಂಟಿಸಿದ್ದರು. ಒಮ್ಮೆ ನೋಡಿ ಹೊರಟುಹೋದೆ; ಊಟ ಮುಗಿಸಿ, ಯಾರೂ ಇಲ್ಲದಾಗ, ಮತ್ತೆ ಬಂದು ನೋಡಿದೆ. ಮಾರ್ಟಾಗೆ 61. ಕೊನೆಯ ಎಂಟು ಮಂದಿಯ ಹೆಸರಿನ ಮುಂದೆ ಬು ಕೆಂಪು ಚುಕ್ಕೆ ಇಟ್ಟಿದ್ದಾರೆ: ಮುಂದಿನ ಕಿರುಪರೀಕ್ಷೆಯಲ್ಲೂ ಬೀಳುವವರು ಮುಂದಿನ ವರ್ಷ ಇದೇ ತರಗತಿಗೆ ಬರಬೇಕು.

ಬು ಕರೆದರು. ಸೋಮವಾರದಿಂದ ಎರಡು ವಾರ ಜಾವಾದಲ್ಲಿ ಅವರಿಗೆ ತರಬೇತಿ. ಹದಿನಾಲ್ಕನೇ ತಾರೀಖಿನ ಕಿರುಪರೀಕ್ಷೆಯ ಪ್ರಶ್ನೆಪತ್ರಿಕೆಯನ್ನು ಮೊಹರು ಹಾಕಿ ಕಚೇರಿಯಲ್ಲಿಟ್ಟು ಹೋಗುತ್ತಾರೆ. ಅಲ್ಲಿಯವರೆಗೆ ಅಭ್ಯಾಸದ ತರಗತಿ ನಡೆಸುವುದು ನನ್ನ ಕೆಲಸ.

"ತಿರುವು ಬಿಂದು ಒಂದು ಬಾಕಿ ಇದೆ. ಅದನ್ನ ಕೇಳೇ ಕೇಳ್ತೀನಿ. ಹೇಳಿಕೊಡ್ತೀಯಾ, ಯೆಲ್ವಿ?"

"ಹೇಳಿಕೊಡ್ತೀನಿ, ಬುಕ್."

"ಪುಸ್ತಕ ನೋಡ್ಕೊಂಡು ಹೋಗು."

ಸೀಮೆಸುಣ್ಣದ ಡಬ್ಬಿ ಕೊಟ್ಟರು. ಪುಸ್ತಕದ ಮಾತಿಗೆ ತುಸು ನೊಂದೆ. 97ಕ್ಕೆ ಆ ಮಾತು ಬೇಕಿತ್ತೆ?

ನವೆಂಬರ್ 6, ಬುಧವಾರ

ಪಾಠ ಮಾಡಿದೆ. ನಲವತ್ತೊಂದು ಜನ. ನನ್ನಷ್ಟೇ ವಯಸ್ಸಿನವರು, ಆದರೂ "ಉನಿ, ಉನಿ" ಎಂದು ಅಕ್ಕನನ್ನು ಕರೆಯುವಂತೆ ಕರೆದರು. ಸೀಮೆಸುಣ್ಣ ಕೈಗೆ ಬಂದರೆ ಧ್ವನಿಯೇ ಬದಲಾಗುತ್ತದೆ. ಚೆನ್ನಾಗಿತ್ತು. ಮುಚ್ಚಿಡುವುದೇಕೆ — ಬಹಳ ಚೆನ್ನಾಗಿತ್ತು.

ತಿರುವು ಬಿಂದುವನ್ನು ಮೂರು ಸಾಲಿಗೆ ಇಳಿಸಿದೆ: ಎರಡು ಸಲ ತುರುನಾನ್ ತೆಗೆಯಿರಿ. ಸೊನ್ನೆಗೆ ಸಮ ಮಾಡಿ. ಸಿಕ್ಕಿದ್ದೇ ತಿರುವು ಬಿಂದು. ಎಲ್ಲರೂ ಬರೆದುಕೊಂಡರು. ಕೆಂಪು ಚುಕ್ಕೆಯ ಹೆಂದ್ರಿ ಕೂಡ ಬರೆದುಕೊಂಡು, "ಉನಿ, ಇಷ್ಟೇನಾ? ಬು ಆಗಿದ್ರೆ ಮೂರು ಹಲಗೆ ತುಂಬಿಸ್ತಿದ್ರು," ಎಂದ.

ಆಗ ಮಾರ್ಟಾ.

"x ನಾಲ್ಕನೇ ಘಾತ ತಗೊಂಡ್ರೆ, ಉನಿ? ಎರಡನೇ ತುರುನಾನ್ ಹನ್ನೆರಡು x ವರ್ಗ. ಸೊನ್ನೇಲಿ ಅದು ಸೊನ್ನೆ. ಆದ್ರೆ ಅದಕ್ಕೆ ಮುಂಚೆನೂ ಧನ, ಆಮೇಲೂ ಧನ. ಏನೂ ಬದಲಾಗ್ಲಿಲ್ವಲ್ಲ. ಅದು ತಿರುಗ್ತಾ?"

ಹಲಗೆಯ ಮೇಲೆ ಆ ರೇಖೆ ಬರೆದು ತೋರಿಸಿದೆ. ಎಡದಿಂದ ಇಳಿದು ಬರುತ್ತದೆ, ತಳದಲ್ಲಿ ಚಪ್ಪಟೆಯಾಗುತ್ತದೆ, ಬಲಕ್ಕೆ ಏರಿ ಹೋಗುತ್ತದೆ. "ಇಳಿದಿದ್ದು ಹತ್ತಿತು. ಇದು ತಿರುವಲ್ಲದೆ ಇನ್ನೇನು?"

"ಆದ್ರೂ..."

"ನಿಮ್ಮ ದ್ವೀಪದಲ್ಲಿ ರಸ್ತೆ ಇಲ್ಲ ಅಲ್ವಾ ಮಾರ್ಟಾ, ಅದಕ್ಕೇ ತಿರುವು ಅಂದ್ರೆ ಏನಂತ ಗೊತ್ತಾಗ್ತಿಲ್ಲ."

ತರಗತಿ ತುಂಬ ನಗೆ. ಅವಳೂ ಸ್ವಲ್ಪ ನಕ್ಕಳು. ತಲೆ ತಗ್ಗಿಸಿ, ತುಂಡು ಪೆನ್ಸಿಲಿನಿಂದ ನಾನು ಹೇಳಿದ್ದನ್ನೇ ಬರೆದುಕೊಂಡಳು. ಚರ್ಚೆ ಅಲ್ಲಿಗೆ ಮುಗಿಯಿತು.

ಹೊರಗೆ ಬರುವಾಗ ಯಾರೋ "ಬುಗಿಂತ ಚೆನ್ನಾಗಿ ಹೇಳ್ತಾಳೆ" ಎಂದದ್ದು ಕಿವಿಗೆ ಬಿತ್ತು. ಬಿದ್ದುದನ್ನು ಇಲ್ಲಿ ಬರೆದಿಟ್ಟಿದ್ದೇನೆ.

ನವೆಂಬರ್ 9, ಶನಿವಾರ. ಆಲಹಾನ್ ಪಾಂಜಾಂಗ್

ಊರು. ಎಲೆಕೋಸಿನ ಹೊಲಗಳ ಮೇಲೆ ಸರೋವರದ ಮಂಜು. ಅಮ್ಮ 97ನ್ನು ಅಕ್ಕಪಕ್ಕದ ಮೂರು ಮನೆಗೆ ಮುಟ್ಟಿಸಿಬಿಟ್ಟಿದ್ದಾಳೆ. ಮಾಕ್ ದಾಂಗ್ — ಅಮ್ಮನ ಅಣ್ಣ, ನಮ್ಮ ಮನೆಯ ಯಾವ ಮಾತಿಗೂ ಕೊನೆಯ ಮಾತು ಅವರದು — ಲಾರಿಗೆ ಗ್ರೀಸ್ ಹಚ್ಚುತ್ತಿದ್ದರು. ಕೈ ಒರೆಸಿಕೊಂಡು, ಎಂದಿನಂತೆ ಪಿಯಾಕ್, ಅಂದರೆ ಹುಡುಗಿ, ಎಂದು ಕರೆದು ವಿಚಾರಿಸಿದರು.

"ತುರುನಾನ್ ಓದ್ತಿದೀಯಂತೆ, ಪಿಯಾಕ್?"

"ಹೌದು, ಮಾಕ್ ದಾಂಗ್."

"ಇಪ್ಪತ್ತೆರಡು ವರ್ಷದಿಂದ ದಿನಾ ಇಳೀತಿದೀನಿ. ನಂಗ್ಯಾರೂ ತೊಂಬತ್ತೇಳು ಕೊಡ್ಲಿಲ್ಲ ನೋಡು."

ಸೋಮವಾರ ಬೆಳಗಿನ ನಮಾಜು ಮುಗಿಸಿ ಅವರ ಲಾರಿಯಲ್ಲೇ ಹೊರಡುವುದು. ಆರು ಟನ್ ಎಲೆಕೋಸು, ನಾನು.

ನವೆಂಬರ್ 11, ಸೋಮವಾರ. ಬೆಳಿಗ್ಗೆ 9.40

ಲಾರಿಯಿಂದ ಇಳಿದು ಕೂತಿದ್ದೇನೆ. ಈಗಲೇ ಬರೆಯಬೇಕು, ಆಮೇಲೆ ಬರೆದರೆ ಅಂದಗಾಣಿಸಿ ಬರೆಯುತ್ತೇನೆ.

ಲಾರಿಯ ಸ್ಟೀರಿಂಗಿನ ನೆತ್ತಿಗೆ ಮಾಕ್ ದಾಂಗ್ ಒಂದು ಸುತ್ತು ಕೆಂಪು ಟೇಪು ಸುತ್ತಿದ್ದಾರೆ. ಚಕ್ರ ನೆಟ್ಟಗಿದ್ದಾಗ ಟೇಪು ಸರಿಯಾಗಿ ಮೇಲಿರುತ್ತದೆ. ಎಡಕ್ಕೆ ತಿರುಗಿಸಿದರೆ ಎಡಕ್ಕೆ ವಾಲುತ್ತದೆ, ಬಲಕ್ಕೆ ತಿರುಗಿಸಿದರೆ ಬಲಕ್ಕೆ. ಸಿತಿಂಜಾವು ಇಳಿಜಾರಿಗೆ ಬಂದಾಗ ಬೆಳಕು ಹರಿದಿತ್ತು. ಕೆಳಗೆ ಪಾದಾಂಗ್, ಅದರಾಚೆ ಸಮುದ್ರ. ನಾನು ಅದನ್ನು ನೋಡಲಿಲ್ಲ. ಟೇಪನ್ನೇ ನೋಡುತ್ತಿದ್ದೆ.

ಎಡ ತಿರುವು: ಟೇಪು ಎಡಕ್ಕೆ. ಅದು ಮುಗಿದು ಬಲ ತಿರುವು ಶುರುವಾಗುವ ನಡುವೆ ಟೇಪು ಮೇಲಕ್ಕೆ ಬಂದು, ಒಂದೇ ಒಂದು ಕ್ಷಣ ನೆತ್ತಿಯಲ್ಲಿದ್ದು, ಆಚೆ ದಾಟಿತು. ಎರಡನೆಯ ತುರುನಾನ್. ಇಲ್ಲಿದೆ, ಕೆಂಪು ಬಣ್ಣದಲ್ಲಿ, ಗ್ರೀಸಿನ ವಾಸನೆಯ ಎರಡು ಕೈಗಳ ನಡುವೆ. ಲೆಕ್ಕಕ್ಕೆ ಸರಿಯಾಗಿ ಅದೇ ಅಲ್ಲ ಎಂದು ಗೊತ್ತಿದೆ, ಆದರೆ ಚಿಹ್ನೆ ಅದೇ: ಎಡವೆಂದರೆ ಧನ, ಬಲವೆಂದರೆ ಋಣ, ನೆತ್ತಿಯೆಂದರೆ ಸೊನ್ನೆ. ಹುಟ್ಟಿದಾಗಿನಿಂದ ಈ ಲಾರಿಯಲ್ಲಿ ಕೂತು ಬಂದಿದ್ದೇನೆ. ಬೆಟ್ಟ ತನ್ನ ಲೆಕ್ಕವನ್ನು ಚಕ್ರದ ಮೇಲೆ ಬರೆಯುತ್ತಲೇ ಇತ್ತು; ಓದಲು ನನಗೆ ಬರುತ್ತಿರಲಿಲ್ಲ.

ಹೀಗೆ ಮೈಮರೆತಿರುವಾಗ ಒಂದು ದೊಡ್ಡ ಎಡ ತಿರುವು. ಟೇಪು ಎಡಕ್ಕೆ ವಾಲಿತು. ತಿರುವಿನ ನಡುವೆ ಮೆಲ್ಲಗೆ ಏರಿ ನೆತ್ತಿಗೆ ಬಂತು. ಈಗ ಬಲಕ್ಕೆ ದಾಟುತ್ತದೆ ಎಂದುಕೊಂಡೆ. ದಾಟಲಿಲ್ಲ. ನೆತ್ತಿಯನ್ನು ಮುಟ್ಟಿ ಮತ್ತೆ ಎಡಕ್ಕೇ ಇಳಿಯಿತು.

"ಮಾಕ್ ದಾಂಗ್, ಈಗ ಏನಾಯ್ತು?"

"ಏನಾಯ್ತು?"

"ಸ್ಟೀರಿಂಗ್ ನೆಟ್ಟಗಾಯ್ತಲ್ಲ. ಮತ್ತೆ ಅದೇ ಕಡೆ ಹೋಯ್ತು."

"ಓ, ಅದಾ. ಹೊಸ ಡ್ರೈವರುಗಳು ಮೋಸಹೋಗೋ ಜಾಗ ಇದೇ, ಪಿಯಾಕ್. ಚಕ್ರ ನೆಟ್ಟಗಾಯ್ತು, ಇನ್ನೇನು ಈ ಕಡೆ ಮುಗೀತು, ಆ ಕಡೆ ತಿರುಗುತ್ತೆ ಅಂದ್ಕೊಂಡು ಕೈ ತಯಾರು ಮಾಡ್ಕೋತಾರೆ. ರಸ್ತೆ ಮಾತ್ರ ಇನ್ನೂ ಎಡಕ್ಕೇ ಹೋಗ್ತಿರುತ್ತೆ. ಸೀದಾ ಕಣಿವೆಗೆ."

"ಹಾಗಾದ್ರೆ ತಿರುವು ಬದಲಾಯ್ತು ಅಂತ ಹೇಗೆ ಗೊತ್ತಾಗೋದು?"

"ಟೇಪು ದಾಟಬೇಕು. ದಾಟದೆ ಮೇಲೆ ಬಂದು ವಾಪಸ್ ಹೋದ್ರೆ ಅದು ಬದಲಾಗೋದಲ್ಲ. ರಸ್ತೆ ಉಸಿರು ತಗೊಳ್ಳೋದು ಅಷ್ಟೇ."

x ನಾಲ್ಕನೆಯ ಘಾತ. ಮುಂಚೆಯೂ ಧನ, ಆಮೇಲೂ ಧನ. ನಡುವೆ ಒಂದು ಸೊನ್ನೆ. ಸೊನ್ನೆ ಮುಟ್ಟಿತು, ದಾಟಲಿಲ್ಲ.

"ಏನೇ, ಮುಖ ಯಾಕೆ ಹಾಗಾಯ್ತು? ವಾಂತಿ ಬರುತ್ತಾ? ಎಲೆಕೋಸಿನ ಮೇಲೆ ಬೇಡ."

ಇಲ್ಲ ಎಂದೆ. ಎಂದೂ ರಸ್ತೆ ನೋಡದವಳೆಂದು ನಾನು ಹೀಯಾಳಿಸಿದವಳು, ರಸ್ತೆಯಿಲ್ಲದೆ, ಲಾರಿಯಿಲ್ಲದೆ, ಬರಿಯ ಹನ್ನೆರಡು x ವರ್ಗವನ್ನು ನೋಡಿ ಕಂಡುಕೊಂಡದ್ದು ಇದನ್ನೇ. ಬಸ್ಸು, ಲಾರಿಗಳ ನಡುವೆ ಬೆಳೆದ ನಾನು "ತಿರುವು" ಎಂಬ ಪದ ಕೇಳಿದೊಡನೆ, ಆ ಪದ ನನಗೆ ಗೊತ್ತಿದೆಯೆಂದುಕೊಂಡೆ.

ಅದೇ ದಿನ, ಮಧ್ಯಾಹ್ನ 2

ಗ್ರಂಥಾಲಯದಲ್ಲಿ ಪುಸ್ತಕ ತೆರೆದು ನೋಡಿದೆ. 31ರಂದು ಬು ನೋಡಿಕೊಂಡು ಹೋಗು ಎಂದ ಪುಸ್ತಕ. ಒಂದು ಪುಟ, ಒಂದು ಟಿಪ್ಪಣಿ: ತಿರುವು ಬಿಂದುವೆಂದರೆ ಇಳಿದದ್ದು ಏರುವ ಜಾಗವಲ್ಲ, ರೇಖೆ ಬಾಗುವ ಕಡೆ ಬದಲಾಗುವ ಜಾಗ; ಸೊನ್ನೆಯಾದರೆ ಸಾಲದು, ಚಿಹ್ನೆ ಬದಲಾಗಬೇಕು. ಉದಾಹರಣೆ x ನಾಲ್ಕನೆಯ ಘಾತ.

ನಲವತ್ತೊಂದು ಜನ ನನ್ನ ಮೂರು ಸಾಲನ್ನು ಬಾಯಿಪಾಠ ಮಾಡಿಕೊಂಡಿದ್ದಾರೆ. ಗುರುವಾರ ಪರೀಕ್ಷೆ. ಎಂಟು ಜನಕ್ಕೆ ಕೆಂಪು ಚುಕ್ಕೆ. ಬು ಜಾವಾದಲ್ಲಿ.

ಬರೆಯಲು ನಾಚಿಕೆಯಾಗುವುದನ್ನು ಬರೆಯುತ್ತೇನೆ. ಮೊದಲು ಹೊಳೆದದ್ದು ಅವರ ವಿಚಾರವಲ್ಲ. ಸುಮ್ಮನಿದ್ದರೆ ಆ ಪ್ರಶ್ನೆಗೆ ಸರಿಯುತ್ತರ ನನ್ನೊಬ್ಬಳದೇ — ಇದು. ಯಾರೂ ನನ್ನನ್ನು ಕೇಳಲಾರರು. ಪುಸ್ತಕ ನೀವೇ ಓದಬೇಕಿತ್ತು ಎನ್ನಬಹುದು. 97 ಇದ್ದದ್ದು 100 ಆಗುತ್ತದೆ, 78 ಇದ್ದದ್ದು ಇನ್ನಷ್ಟು ಕೆಳಗೆ. ಆ ಯೋಚನೆ ಎಷ್ಟು ಸಲೀಸಾಗಿ ಬಂತೆಂದರೆ, ಅದು ಮೊದಲಿನಿಂದ ಇಲ್ಲೇ ವಾಸವಾಗಿತ್ತೆಂದು ಕಾಣುತ್ತದೆ.

ನೆಲ್ಮಾಗೆ ಹೇಳಿದೆ.

"ಹೇಳ್ಬಿಡು," ಎಂದಳು.

"ನಲವತ್ತೊಂದು ಜನರ ಎದುರಿಗೆ?"

"ತಪ್ಪು ಹೇಳಿಕೊಡುವಾಗ ಎಷ್ಟು ಜನ ಇದ್ರು?"

ಇಷ್ಟು ಕೇಳಿ ಅವಳು ಒಗೆದ ಬಟ್ಟೆ ಒಣಹಾಕಲು ಹೊರಟುಹೋದಳು.

ನವೆಂಬರ್ 12, ಮಂಗಳವಾರ

ನಾಳೆಯ ತರಗತಿಯನ್ನು ಇಂದಿಗೇ ಕರೆದೆ, ತಿದ್ದಿಕೊಳ್ಳಲು ಅವರಿಗೆ ಒಂದು ದಿನ ಹೆಚ್ಚು ಸಿಗಲೆಂದು. ಬಾಗಿಲಿಗೆ ಚೀಟಿ ಅಂಟಿಸಿದೆ. ಬಂದವರು ಇಪ್ಪತ್ತೇಳು.

ಮಾತನ್ನು ಹೇಗೆ ಜೋಡಿಸಬೇಕೆಂದು ರಾತ್ರಿಯೇ ಬರೆದಿಟ್ಟುಕೊಂಡಿದ್ದೆ. "ಕಳೆದ ತರಗತಿಯಲ್ಲಿ ಒಂದು ಸಣ್ಣ ಅಂಶ ಬಿಟ್ಟುಹೋಗಿತ್ತು" — ಹೀಗೆ ಶುರುವಾಗುತ್ತಿತ್ತು ಆ ಹಾಳೆ. ಹಲಗೆಯ ಮುಂದೆ ನಿಂತಾಗ ಆ ವಾಕ್ಯ ಬಾಯಿಗೆ ಬರಲಿಲ್ಲ. ಮಾರ್ಟಾ ಕೊನೆಯ ಬೆಂಚಿನಲ್ಲಿ ಪೆನ್ಸಿಲು ಹೆರೆಯುತ್ತಿದ್ದಳು.

"ಬುಧವಾರ ನಾನು ತಪ್ಪು ಹೇಳಿಕೊಟ್ಟೆ. ಮಾರ್ಟಾ ಸರಿಯಾಗಿ ಕೇಳಿದ್ದಳು. ನನಗೆ ಉತ್ತರ ಗೊತ್ತಿರಲಿಲ್ಲ, ಅದಕ್ಕೆ ಅವಳ ಊರನ್ನ ಆಡಿಕೊಂಡೆ."

ಯಾರೂ ನಗಲಿಲ್ಲ. ನಕ್ಕಿದ್ದರೆ ಹಗುರಾಗುತ್ತಿತ್ತು. ಮೂರನೆಯ ಸಾಲನ್ನು ಅಳಿಸಿ ಬರೆದೆ: ಸೊನ್ನೆಯ ಹಿಂದೆಯೂ ಮುಂದೆಯೂ ಚಿಹ್ನೆ ನೋಡಿ, ಬದಲಾದರೆ ಮಾತ್ರ ತಿರುವು ಬಿಂದು. ಒಬ್ಬಳ ತಿಂಡಿಡಬ್ಬಿಯ ಮುಚ್ಚಳ ಇಸಿದುಕೊಂಡು, ಅಂಚಿಗೆ ಸುಣ್ಣದ ಗುರುತು ಹಾಕಿ, ಸ್ಟೀರಿಂಗಿನಂತೆ ಹಿಡಿದು ತೋರಿಸಿದೆ. ಮುಟ್ಟುವುದು ಹೀಗೆ. ದಾಟುವುದು ಹೀಗೆ. ಮುಂದಿನ ಸಾಲಿನವರು ತಮ್ಮ ಕೈಗಳನ್ನೇ ತಿರುಗಿಸಿ ನೋಡಿಕೊಂಡರು. ಇಪ್ಪತ್ತೇಳು ಜನ, ಲಾರಿಯಿಲ್ಲದ ಡ್ರೈವರುಗಳು. ನಾನು ತಪ್ಪಿತಸ್ಥಳೆಂಬುದು ಒಂದು ನಿಮಿಷ ಮರೆತೇ ಹೋಯಿತು. ಅಷ್ಟು ಸೊಗಸಾದ ವಿಷಯ ಅದು.

ಮಿಕ್ಕ ಹದಿನಾಲ್ಕು ಜನರನ್ನು ಹುಡುಕಿಕೊಂಡು ಹೊರಟೆ. ಮಾರ್ಟಾ ತಾನಾಗಿಯೇ ಜೊತೆಗೆ ಬಂದಳು. ಕ್ಯಾಂಟೀನಿನಲ್ಲಿ ಐದು. ಮಸೀದಿಯ ಜಗಲಿಯಲ್ಲಿ ಮೂರು, ಅದರಲ್ಲಿ ಇಬ್ಬರು ನಿದ್ದೆಯಲ್ಲಿ. ಬಾಡಿಗೆ ಕೋಣೆಗಳ ಓಣಿಯಲ್ಲಿ ಐದು. ಪ್ರತಿಯೊಬ್ಬರಿಗೂ ಮೊದಲಿನಿಂದ ಹೇಳಬೇಕು: ತಪ್ಪು ಹೇಳಿಕೊಟ್ಟೆ. ಹತ್ತನೆಯವರ ಹೊತ್ತಿಗೂ ಆ ಮಾತು ಸುಲಭವಾಗಲಿಲ್ಲ. ಒಬ್ಬಳು ಬಾಗಿಲಲ್ಲೇ, "ತೊಂಬತ್ತೇಳಕ್ಕೂ ತಪ್ಪಾಗುತ್ತಾ?" ಎಂದು ಕೇಳಿ, ಒಳಗಿದ್ದವಳಿಗೂ ಕೂಗಿ ಹೇಳಿದಳು. ಸಹಿಸಿಕೊಂಡೆ.

ಹದಿನಾಲ್ಕನೆಯವನು ಹೆಂದ್ರಿ. ಬಾವಿಕಟ್ಟೆಯಲ್ಲಿ ಪ್ಯಾಂಟು ಕುಕ್ಕುತ್ತಿದ್ದ. ಪೂರ್ತಿ ಕೇಳಿಸಿಕೊಂಡ.

"ಮೂರು ಸಾಲೇ ಕಷ್ಟಪಟ್ಟು ಕಲಿತಿದ್ದೆ, ಉನಿ. ಈಗ ನಾಲ್ಕು ಮಾಡ್ತೀಯ."

"ಮೂರೇ. ಮೂರನೇದು ಬದಲಾಗಿದೆ."

"ಸರಿ ಬಿಡು. ಹಳೇ ಮೂರನೇದು ಇನ್ನೂ ಸರಿಯಾಗಿ ಕೂತಿರ್ಲಿಲ್ಲ, ಒಳ್ಳೇದೇ ಆಯ್ತು."

ಹಿಂತಿರುಗುವಾಗ ಬಾಳೆಹಣ್ಣಿನ ಬಜ್ಜಿ ಕೊಡಿಸಿದೆ. ಮಾರ್ಟಾ ಎರಡು ತಿಂದು ಬೆರಳು ಒರೆಸಿಕೊಂಡಳು.

"ನಾನೂ ನಿನ್ನ ಮೂರು ಸಾಲನ್ನೇ ಬರೀತಿದ್ದೆ ಪರೀಕ್ಷೇಲಿ," ಎಂದಳು.

"ನಿನಗೆ ಸರಿ ಗೊತ್ತಿತ್ತಲ್ಲ."

"ಅನುಮಾನ ಇತ್ತು ಅಷ್ಟೇ. ನೀನು ಅಷ್ಟು ಗಟ್ಟಿಯಾಗಿ ಹೇಳಿದ ಮೇಲೆ, ನನ್ನ ಕಣ್ಣೇ ಸರಿಯಿಲ್ಲ ಅನ್ನಿಸ್ತು."

ಕ್ಷಮೆ ಕೇಳಿದೆ. ಅವಳು ಪರವಾಗಿಲ್ಲ ಎನ್ನಲಿಲ್ಲ. "ಹ್ಞೂಂ," ಎಂದಳು. ಅದು ಸರಿಯೇ.

ನವೆಂಬರ್ 14, ಗುರುವಾರ

ಮೊಹರು ಒಡೆದರು. ಮೂರನೆಯ ಪ್ರಶ್ನೆ: x ಕಳೆ 2, ಅದರ ನಾಲ್ಕನೆಯ ಘಾತ, ಈ ರೇಖೆಗೆ ತಿರುವು ಬಿಂದು ಎಲ್ಲಿದೆ?

ಪರೀಕ್ಷೆಯ ಕೋಣೆಯಲ್ಲಿ ತಲೆ ಎತ್ತಿ ನೋಡಿದೆ. ಇಬ್ಬರು ಮೂವರು ಮೇಜಿನ ಕೆಳಗೆ ಕೈಗಳನ್ನು ಮೆಲ್ಲಗೆ ತಿರುಗಿಸುತ್ತಿದ್ದರು. ಹೆಂದ್ರಿ ಎರಡೂ ಕೈ ಎತ್ತಿ, ಗಾಳಿಯಲ್ಲೇ ಚಕ್ರ ಹಿಡಿದು, ಯಾರ ಹಂಗೂ ಇಲ್ಲದೆ ತಿರುಗಿಸುತ್ತಿದ್ದ. ಮೇಲ್ವಿಚಾರಕರು ಬಂದು, "ಏನಪ್ಪಾ, ಎಲ್ಲಿಗೆ ಹೊರಟೆ?" ಎಂದರು.

"ಎಲ್ಲಿಗೂ ಇಲ್ಲ ಸರ್. ದಾಟ್ತಾ ಇಲ್ಲ ಇದು."

ನವೆಂಬರ್ 20, ಬುಧವಾರ

ಬು ಬಂದಿದ್ದಾರೆ. ಎಂಟು ಕೆಂಪು ಚುಕ್ಕೆಯವರಲ್ಲಿ ಆರು ಜನ ಪಾರಾದರು, ಐವತ್ತೆಂಟಕ್ಕೆ ಹೆಂದ್ರಿಯೂ. ಮಾರ್ಟಾ ನೂರು. ನಾನು ತೊಂಬತ್ನಾಲ್ಕು. ಒಂದನೆಯ ಪ್ರಶ್ನೆಯಲ್ಲಿ ಋಣಚಿಹ್ನೆಯೊಂದು ಬಿಟ್ಟುಹೋಗಿದೆ, ನನ್ನ ಕೈಯಿಂದಲೇ. ಪಟ್ಟಿಯಲ್ಲಿ ನನ್ನ ಹೆಸರು ಎರಡನೆಯದು. ಒಂದನೇ ತರಗತಿಯಿಂದ ಈವರೆಗೆ ಎರಡನೆಯ ಸಾಲಿನಲ್ಲಿ ನನ್ನ ಹೆಸರು ಓದಿ ಅಭ್ಯಾಸವಿಲ್ಲ. ಬೇರೆ ಯಾರದೋ ಹೆಸರಿನಂತೆ ಕಂಡಿತು. ಉರಿಯಿತು. ಉರಿಯಲಿಲ್ಲವೆಂದು ಬರೆದರೆ ಸುಳ್ಳು.

ಬು ಅವರ ಕೋಣೆಗೆ ನಾನಾಗಿಯೇ ಹೋದೆ. ಎಲ್ಲ ಹೇಳಿದೆ, ದ್ವೀಪದ ಮಾತನ್ನೂ. ಅವರು ಉತ್ತರಪತ್ರಿಕೆಗಳಿಗೆ ದಾರ ಕಟ್ಟುತ್ತಲೇ ಕೇಳಿದರು.

"ತಪ್ಪು ಹೇಳಿಕೊಟ್ಟೆ. ನೀನೇ ತಿದ್ದಿದೆ. ಎರಡೂ ಕೂಡಿದ್ರೆ ಎಷ್ಟು?"

"ಸೊನ್ನೆ, ಬುಕ್."

"ಹ್ಞಾಂ. ಹೋಗಿ ಕೂತ್ಕೋ. ಸೀಮೆಸುಣ್ಣದ ಡಬ್ಬಿ ಮಾರ್ಟಾಗೆ ಕೊಡು."

ಬಾಗಿಲು ದಾಟುವಾಗ ಮತ್ತೆ ಕರೆದರು. ಏನೋ ಸಮಾಧಾನ ಹೇಳುತ್ತಾರೆಂದು ನಿಂತೆ.

"ಡಬ್ಬೀಲಿ ಬಣ್ಣದ ಸುಣ್ಣ ನಾಲ್ಕು ಇತ್ತು. ಎಣಿಸಿ ಕೊಡು."

ನವೆಂಬರ್ 27, ಬುಧವಾರ

ಮೊದಲ ಬೆಂಚು, ಕಿಟಕಿಯಿಂದ ಎರಡನೆಯ ಜಾಗ. ಹಲಗೆಯ ಬಳಿ ಮಾರ್ಟಾ. ನಿಧಾನವಾಗಿ ಹೇಳುತ್ತಾಳೆ, ಗೊತ್ತಿಲ್ಲದಿದ್ದರೆ "ಗೊತ್ತಿಲ್ಲ, ನೋಡೋಣ" ಎಂದು ಪುಸ್ತಕ ತೆಗೆಯುತ್ತಾಳೆ. ಎಲ್ಲರೂ ಕಾಯುತ್ತಾರೆ. ಕಾಯುವುದರಿಂದ ಯಾರಿಗೂ ಏನೂ ಆಗುವುದಿಲ್ಲ. ಇದು ನನಗೆ ಹೊಸ ಸಂಗತಿ.

ತರಗತಿ ಮುಗಿದ ಮೇಲೆ ಅವಳಿಗೆ ನಾನೇ ಒಂದು ಪ್ರಶ್ನೆ ಕೇಳಿದೆ. ಉತ್ತರ ಗೊತ್ತಿದ್ದು ಕೇಳಿದ್ದಲ್ಲ.

"ಒಂದು ಬಿಂದುವಿನಲ್ಲಿ ಮಗಳು ಸೊನ್ನೆ, ಮೊಮ್ಮಗಳು ಸೊನ್ನೆ, ಮರಿಮಗಳು ಸೊನ್ನೆ. ಇಡೀ ವಂಶ, ಕೊನೆಯೇ ಇಲ್ಲದ ಹಾಗೆ, ಸೊನ್ನೆ. ಆಗ ಆ ರೇಖೆ ಅಲ್ಲಿಂದ ಏಳೋದಕ್ಕೆ ಆಗುತ್ತಾ? ಚಪ್ಪಟೆಯಾಗೇ ಇರಬೇಕಲ್ವಾ?"

ಮಾರ್ಟಾ ಹಾಳೆಯ ಮೇಲೆ ಒಂದು ಅಡ್ಡಗೆರೆ ಎಳೆದಳು. "ಇರಬೇಕು ಅನ್ಸುತ್ತೆ. ಏಳೋಕೆ ಕಾರಣಾನೇ ಇಲ್ವಲ್ಲ."

"ನನಗೂ ಹಾಗೇ ಅನ್ಸುತ್ತೆ. ಅದಕ್ಕೇ ಭಯ."

ಇಬ್ಬರೂ ಬು ಅವರ ಬಳಿ ಹೋದೆವು. ಅವರು ಚಹಾ ಕುಡಿಯುತ್ತಿದ್ದರು. ಪ್ರಶ್ನೆ ಕೇಳಿ ಲೋಟ ಕೆಳಗಿಟ್ಟರು. ನನ್ನನ್ನು ನೋಡಿದರು, ಸ್ವಲ್ಪ ಹೆಚ್ಚೇ ಹೊತ್ತು.

"ಯಾರದು ಪ್ರಶ್ನೆ?"

"ಯೆಲ್ವಿದು, ಬುಕ್," ಎಂದಳು ಮಾರ್ಟಾ.

ಬು ಹಳೆಯ ಲಕೋಟೆಯೊಂದರ ಬೆನ್ನ ಮೇಲೆ ಒಂದೇ ಸಾಲು ಬರೆದರು: e, ಅದರ ಘಾತ ಋಣ ಒಂದು ಭಾಗ x ವರ್ಗ. ಸೊನ್ನೆಯಲ್ಲಿ ಅದರ ಬೆಲೆ ಸೊನ್ನೆಯೆಂದು ಇಟ್ಟುಕೊಳ್ಳಿ ಎಂದರು. "ಹೋಗಿ. ನೀವೇ ಇಳಿದು ನೋಡಿ."

ಗ್ರಂಥಾಲಯದ ಜಗಲಿ, ಮಧ್ಯಾಹ್ನ 3.15

x ಒಂದಾದಾಗ ರೇಖೆಯ ಎತ್ತರ 0.37. ಅರ್ಧಕ್ಕೆ ಬಂದರೆ 0.018. ಹತ್ತನೇ ಒಂದಕ್ಕೆ ಬಂದರೆ — ಮಾರ್ಟಾ ಲೆಕ್ಕ ಹಾಕಿದಳು, ನಾನು ಮತ್ತೊಮ್ಮೆ ಹಾಕಿದೆ — ದಶಮಾಂಶದ ನಂತರ ನಲವತ್ಮೂರು ಸೊನ್ನೆ, ಆಮೇಲೆ ಮೊದಲ ಅಂಕಿ. ಆದರೂ ಸೊನ್ನೆಯಲ್ಲ. ಎದ್ದೇ ಇದೆ.

3.50

ಮಗಳು: ಸೊನ್ನೆ. ಮೊಮ್ಮಗಳು: ಸೊನ್ನೆ. ಮಾರ್ಟಾಳ ಪೆನ್ಸಿಲು ಮುಗಿಯಿತು. ನನ್ನ ಪೆನ್ನು ಅವಳ ಕೈಯಲ್ಲಿ, ಅವಳ ಪೆನ್ಸಿಲ ತುಂಡು ನನ್ನ ಕೈಯಲ್ಲಿ. ಅಕ್ಷರ ಕೆಟ್ಟಿದೆ.

4.30

ಮೂರನೆಯದು ಸೊನ್ನೆ. ನಾಲ್ಕನೆಯದಕ್ಕೆ ಒಂದೂವರೆ ಪುಟ, ಕೊನೆಗೆ ಸೊನ್ನೆ. ಛೇದದಲ್ಲಿ x ಎಷ್ಟು ಸಲ ಬಂದರೂ ಆ e ಎಲ್ಲವನ್ನೂ ನುಂಗಿ ಸೊನ್ನೆಗೇ ಒಯ್ಯುತ್ತದೆ. ಯಾವತ್ತೂ. ಐದನೆಯದನ್ನು ಬಿಡಿಸುವ ಅಗತ್ಯವಿಲ್ಲ ಎಂದಳು ಮಾರ್ಟಾ, ಕಾರಣ ಕಾಣುತ್ತಿದೆಯಲ್ಲ. ಕಾಣುತ್ತಿದೆ. ಆದರೂ ಬಿಡಿಸುತ್ತಿದ್ದೇನೆ.

ಆ ಬಿಂದುವಿನಲ್ಲಿ ನಿಂತು ಏನು ಅಳೆದರೂ ನೆಲ ಚಪ್ಪಟೆ. ಏಳಬೇಕೆಂಬ ಸುಳಿವು ಎಳ್ಳಷ್ಟೂ ಇಲ್ಲ, ಯಾವ ತಲೆಮಾರಿನಲ್ಲೂ ಇಲ್ಲ. ಒಂದು ಕೂದಲೆಳೆಯಷ್ಟು ಆಚೆ ಹೋದರೆ ಎದ್ದಾಗಿದೆ. ಕೂದಲೆಳೆಯನ್ನು ಸಾವಿರ ಸಲ ಸೀಳಿದರೂ ಅಷ್ಟರೊಳಗೇ ಎದ್ದಾಗಿದೆ. ಎಲ್ಲಿ ಎದ್ದಿತೆಂದು ನಾನು ಕೇಳಿದೆ, ಅವಳು ತಲೆಯಾಡಿಸಿ ಗೊತ್ತಿಲ್ಲ ಎಂದಳು, ನಾನೂ ಗೊತ್ತಿಲ್ಲ ಎಂದೆ, ಆ ಮಾತು ಬಾಯಿಂದ ಎಷ್ಟು ಹಗುರಾಗಿ —

ಐದನೆಯದೂ ಸೊನ್ನೆ. ಮಾರ್ಟಾ ಕೈ ಹಿಡಿದು ಎಳೆಯುತ್ತಿದ್ದಾಳೆ, ಏನೋ ಕಂಡಿದೆ ಅವಳಿಗೆ, x ಋಣವಾದ ಕಡೆ ಬರಿಯ ಸೊನ್ನೆಯನ್ನೇ ಇಟ್ಟು ಈ ಕಡೆ ಮಾತ್ರ ಇದನ್ನು ಅಂಟಿಸಿದರೆ, ಅಂಟಿದ ಗುರುತೇ ಕಾಣದೆ ಸೊನ್ನೆಯೇ ಏಳುತ್ತದೆಯಂತೆ, ಬರೆದು ನೋಡುತ್ತೇವೆ —